ಪೂರ್ತಿ ಕೇಳಿಸಿಕೊಂಡ ಮೇಲೆ ‘ಆಗಲ್ಲ’ ಅನ್ನಿ

ಡೇಟಾಬೇಸ್ ಕೋರ್ಸ್ ತಗೊಂಡವರಿಗೆಲ್ಲ ಎಕ್ಸ್‌ಪ್ಲೇನ್ ಕಮಾಂಡ್ ಗೊತ್ತಿರುತ್ತದೆ. ಕ್ವೆರಿಯ ಮುಂದೆ ಅದನ್ನು ಹಾಕಿದರೆ, ಉತ್ತರ ಹುಡುಕಲು ಯಾವ ದಾರಿ ಹಿಡಿಯುತ್ತೇನೆ ಎಂಬ ಪ್ಲಾನನ್ನು ಪೋಸ್ಟ್‌ಗ್ರೆಸ್ ತೋರಿಸುತ್ತದೆ. ಜೊತೆಗೆ ಅನಲೈಜ್ ಆಪ್ಷನ್ ಕೊಟ್ಟರೆ ಕ್ವೆರಿಯನ್ನು ನಿಜವಾಗಿ ಓಡಿಸಿ, ಎಷ್ಟು ಸಾಲು ಬಂತು, ಎಷ್ಟು ಹೊತ್ತಾಯಿತು ಅಂತಲೂ ಹೇಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ 18ನೇ ಆವೃತ್ತಿಯಿಂದ ನಾವು ಬರೆದ ಎಕ್ಸ್‌ಟೆನ್ಶನ್ ಕೂಡ ಎಕ್ಸ್‌ಪ್ಲೇನ್‌ಗೆ ಹೊಸ ಆಪ್ಷನ್ ಸೇರಿಸಬಹುದು. ಕೋರ್ಸ್ ಪ್ರಾಜೆಕ್ಟ್‌ಗೆ ಅದನ್ನೇ ಮಾಡಲು ಹೋಗಿ ನಾವು ಎಡವಿದೆವು.

ನಮ್ಮ ಆಪ್ಷನ್‌ನ ಹೆಸರು ‘ಮಿಸ್’. ಪ್ಲಾನರ್ ಅಂದಾಜು ಮಾಡಿದ ಸಾಲುಗಳಿಗೂ ನಿಜವಾಗಿ ಬಂದ ಸಾಲುಗಳಿಗೂ ಎಷ್ಟು ಪಟ್ಟು ವ್ಯತ್ಯಾಸ ಅಂತ ತೋರಿಸುವುದು ಅದರ ಕೆಲಸ. ಓಡಿಸದೆ ನಿಜವಾದ ಲೆಕ್ಕ ಸಿಗಲ್ಲ, ಹಾಗಾಗಿ ಅನಲೈಜ್ ಇರಲೇಬೇಕು. ಮಿಸ್ ಕಂಡ ತಕ್ಷಣ ‘ಅನಲೈಜ್ ಆನ್ ಇದೆಯಾ?’ ಅಂತ ನೋಡಿ, ಇಲ್ಲದಿದ್ದರೆ ಎರರ್ ಕೊಡುವಂತೆ ಬರೆದೆವು.

‘ಅನಲೈಜ್, ಮಿಸ್’ ಅಂತ ಬರೆದರೆ ಸರಿಯಾಗಿ ಓಡಿತು. ‘ಮಿಸ್, ಅನಲೈಜ್’ ಅಂದರೆ ‘ಅನಲೈಜ್ ಬೇಕು’ ಎಂಬ ಎರರ್! ಕಾರಣ ಸರಳ. ಪೋಸ್ಟ್‌ಗ್ರೆಸ್ ಆಪ್ಷನ್‌ಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಓದುತ್ತದೆ. ಮಿಸ್‌ನ ಸರದಿ ಬಂದಾಗ ಮುಂದೆ ಅನಲೈಜ್ ಬರುತ್ತದೆ ಅಂತ ನಮ್ಮ ಕೋಡ್‌ಗೆ ಗೊತ್ತಿಲ್ಲ. ಇದರ ಉಲ್ಟಾ ತಪ್ಪೂ ಉಂಟು: ಮೊದಲು ಅನಲೈಜ್, ಆಮೇಲೆ ಮಿಸ್, ಕೊನೆಗೆ ‘ಅನಲೈಜ್ ಆಫ್’ ಅಂದರೆ ನಮ್ಮ ಪರೀಕ್ಷೆ ಸುಮ್ಮನೆ ಪಾಸ್ ಮಾಡುತ್ತದೆ.

ಸಿಟ್ಟು ಬಂದು ಆ ಪರೀಕ್ಷೆಯನ್ನೇ ಕಿತ್ತು ಹಾಕಿದೆವು. ಆಗ ಇನ್ನೂ ಕೆಟ್ಟದ್ದಾಯಿತು. ಅನಲೈಜ್ ಇಲ್ಲದಾಗ ನಮ್ಮ ಕೋಡ್ ನಿಜವಾದ ಸಾಲುಗಳನ್ನು 0 ಅಂತ ಹಿಡಿದು, ಎಲ್ಲೆಡೆ ಭಾರೀ ವ್ಯತ್ಯಾಸ ತೋರಿಸಿತು. ಅದನ್ನು ನಂಬಿ ಇಲ್ಲದ ಸಮಸ್ಯೆಗೆ ಇಂಡೆಕ್ಸ್ ಹಾಕುತ್ತಾ ಒಂದು ಸಂಜೆ ಕಳೆದೆವು. ಎರರ್ ಬಂದಿದ್ದರೆ ಎರಡು ನಿಮಿಷದ ಮಾತು.

ದರ್ಶಿನಿಯ ಕೌಂಟರ್ ನೆನಪಿಸಿಕೊಳ್ಳಿ. ‘ಕಾಫಿ, ಸ್ಟ್ರಾಂಗ್, ಸಕ್ಕರೆ ಕಮ್ಮಿ’ ಅಂದರೂ ‘ಸಕ್ಕರೆ ಕಮ್ಮಿ, ಸ್ಟ್ರಾಂಗ್ ಕಾಫಿ’ ಅಂದರೂ ಅದೇ ಲೋಟ. ಕೌಂಟರ್‌ನವರು ಪೂರ್ತಿ ಕೇಳಿಸಿಕೊಂಡೇ ಟೋಕನ್ ಕೊಡುತ್ತಾರೆ.

ಪೋಸ್ಟ್‌ಗ್ರೆಸ್ ತನ್ನ ಸ್ವಂತ ಆಪ್ಷನ್‌ಗಳಿಗೆ ಮಾಡುವುದೂ ಇದನ್ನೇ. ಟೈಮಿಂಗ್ ಬೇಕಾದರೆ ಅನಲೈಜ್ ಇರಬೇಕು. ಜೆನೆರಿಕ್ ಪ್ಲಾನ್ ಮತ್ತು ಅನಲೈಜ್ ಒಟ್ಟಿಗೆ ಬರುವಂತಿಲ್ಲ, ಯಾಕೆಂದರೆ ಪ್ಯಾರಾಮೀಟರ್‌ಗಳಿಗೆ ಬೆಲೆಯೇ ಗೊತ್ತಿಲ್ಲದ ಕ್ವೆರಿಯನ್ನು ಓಡಿಸುವುದು ಹೇಗೆ? ಈ ಪರೀಕ್ಷೆಗಳೆಲ್ಲ ಪಟ್ಟಿ ಓದಿ ಮುಗಿದ ಮೇಲೆ ನಡೆಯುತ್ತವೆ. 18ರಲ್ಲಿ ಅದೇ ಜಾಗದಲ್ಲಿ ಎಕ್ಸ್‌ಟೆನ್ಶನ್‌ಗಳಿಗೂ ಒಂದು ಹುಕ್ ಇಟ್ಟಿದ್ದಾರೆ: ಎಕ್ಸ್‌ಪ್ಲೇನ್ ವ್ಯಾಲಿಡೇಟ್ ಆಪ್ಷನ್ಸ್ ಹುಕ್.

ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಿ. ಆಪ್ಷನ್‌ನ ಹ್ಯಾಂಡ್ಲರ್ ತನ್ನ ಬೆಲೆ ಸರಿಯಿದೆಯಾ ಅಂತ ಮಾತ್ರ ನೋಡಿ ನೆನಪಿಟ್ಟುಕೊಳ್ಳಲಿ. ಬೇರೆ ಆಪ್ಷನ್‌ಗಳ ಜೊತೆಗಿನ ಹೊಂದಾಣಿಕೆಯನ್ನು ಹುಕ್ ನೋಡಲಿ.

ಇನ್ನು ಎರಡು ಎಚ್ಚರಿಕೆ. ಮೊದಲನೆಯದು, ಹುಕ್ ಅಂದರೆ ಒಂದೇ ಒಂದು ಫಂಕ್ಷನ್ ಪಾಯಿಂಟರ್, ಎಲ್ಲ ಎಕ್ಸ್‌ಟೆನ್ಶನ್‌ಗಳಿಗೂ ಸೇರಿದ್ದು. ನಮ್ಮದನ್ನು ಕೂರಿಸುವ ಮುಂಚೆ ಹಳೆಯದನ್ನು ಉಳಿಸಿಕೊಂಡು, ನಮ್ಮ ಫಂಕ್ಷನ್ ಒಳಗಿಂದ ಅದನ್ನೂ ಕರೆಯಬೇಕು. ಮರೆತರೆ ಇನ್ನೊಬ್ಬರ ಪರೀಕ್ಷೆ ಸದ್ದಿಲ್ಲದೆ ಮಾಯ.

ಎರಡನೆಯದು, ‘ಅನಲೈಜ್ ಇಲ್ಲದಿದ್ದರೆ ನಾವೇ ಆನ್ ಮಾಡಿದರಾಯ್ತು’ ಅನ್ನೋ ಆಸೆ ನಮಗೂ ಬಂತು. ದಯವಿಟ್ಟು ಬೇಡ. ಅನಲೈಜ್ ಸ್ಟೇಟ್‌ಮೆಂಟನ್ನು ನಿಜವಾಗಿಯೇ ಓಡಿಸುತ್ತದೆ. ಬರೀ ಪ್ಲಾನ್ ನೋಡೋಣ ಅಂತ ಒಬ್ಬರು ಡಿಲೀಟ್ ಮುಂದೆ ಎಕ್ಸ್‌ಪ್ಲೇನ್ ಹಾಕಿದ್ದರೆ, ನಮ್ಮ ಉಪಕಾರದಿಂದ ಅವರ ಸಾಲುಗಳೇ ಹೋಗುತ್ತವೆ. ‘ಮಿಸ್‌ಗೆ ಅನಲೈಜ್ ಬೇಕು’ ಅಂತ ಎರಡೂ ಹೆಸರು ಹೇಳಿ ನಿಲ್ಲಿಸಿ. ತೀರ್ಮಾನ ಬರೆದವರದ್ದೇ ಆಗಲಿ.

ಕಲಿಯಲು ಮನಸ್ಸಿದ್ದವರು ಪೋಸ್ಟ್‌ಗ್ರೆಸ್ 18ರ ಜೊತೆಗೇ ಬರುವ ಪಿಜಿ ಓವರ್‌ಎಕ್ಸ್‌ಪ್ಲೇನ್ ಎಕ್ಸ್‌ಟೆನ್ಶನ್‌ನ ಕೋಡ್ ಓದಿ. ಡೀಬಗ್, ರೇಂಜ್ ಟೇಬಲ್ ಎಂಬ ಎರಡು ಆಪ್ಷನ್‌ಗಳನ್ನು ಅದು ಹೀಗೆಯೇ ಸೇರಿಸುತ್ತದೆ. ನಾವು ಅದನ್ನು ಮೊದಲೇ ಓದಬೇಕಿತ್ತು.