ಬದುಕಿರುವ ರಾಜಕಾರಣಿಗಳ ಚರಿತ್ರೆ: ವಿಕಿಪೀಡಿಯದ ಸಂಪಾದನಾ ವಿವಾದಗಳಲ್ಲಿ ಸಮದೃಷ್ಟಿಯ ವಿಚಾರ

ಕಾಲವಾದ ಪುರುಷನ ಚರಿತ್ರೆಯನ್ನು ಬರೆಯುವುದಕ್ಕೂ ಬದುಕಿರುವವನ ಚರಿತ್ರೆಯನ್ನು ಬರೆಯುವುದಕ್ಕೂ ಬಹಳ ಅಂತರವುಂಟು. ಮೊದಲನೆಯದರಲ್ಲಿ ರಾಗದ್ವೇಷಗಳು ಬಹುಮಟ್ಟಿಗೆ ಆರಿರುತ್ತವೆ. ಎರಡನೆಯದರಲ್ಲಿ ಚರಿತ್ರನಾಯಕನೂ ಅವನ ಆಶ್ರಿತರೂ ಪ್ರತಿಪಕ್ಷದವರೂ ಲೇಖಕನ ಸುತ್ತಲೇ ನಿಂತಿರುತ್ತಾರೆ. ಚರಿತ್ರನಾಯಕನು ಮತವನ್ನು ಯಾಚಿಸುವ ರಾಜಕಾರಣಿಯಾಗಿ, ಗ್ರಂಥವು ಯಾರು ಬೇಕಾದರೂ ತಿದ್ದಬಹುದಾದುದಾದರೆ ಈ ತೊಡಕು ಎಷ್ಟೋ ಪಾಲು ಹೆಚ್ಚುವುದು ಸಹಜವೇ ಸರಿ. ೨೦೦೧ನೆಯ ಜನವರಿಯಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬ ಇಬ್ಬರು ಅಮೆರಿಕೀಯರು ಅಂತರ್ಜಾಲದಲ್ಲಿ ಆರಂಭಿಸಿದ ವಿಕಿಪೀಡಿಯವೆಂಬ ವಿಶ್ವಕೋಶದಲ್ಲಿ ಇಂತಹ ವಿವಾದಗಳು ಪ್ರತಿದಿನವೂ ನಡೆಯುತ್ತಿರುವುವು. ಅವುಗಳ ಸ್ವರೂಪವನ್ನು ಕೆಲವು ದೃಷ್ಟಾಂತಗಳಿಂದ ವಿವರಿಸಿ, ನ್ಯಾಯವೆಂಬ ಮಾತಿಗೆ ಅಲ್ಲಿ ಯಾವ ಅರ್ಥವು ಸಲ್ಲುತ್ತದೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಆ ವಿಶ್ವಕೋಶಕ್ಕೆ ಮೂರು ಮೂಲಸೂತ್ರಗಳುಂಟು. ಲೇಖನವು ತಟಸ್ಥ ದೃಷ್ಟಿಯಿಂದ ಕೂಡಿರಬೇಕು. ಹೇಳಿದ ಪ್ರತಿಯೊಂದು ಮಾತನ್ನೂ ಪ್ರಕಟಿತವಾದ ಆಧಾರದಿಂದ ಪರೀಕ್ಷಿಸಿ ನೋಡಲು ಸಾಧ್ಯವಾಗಬೇಕು. ಸಂಪಾದಕನ ಸ್ವಂತ ಸಂಶೋಧನೆಗೆ ಅಲ್ಲಿ ಎಡೆಯಿಲ್ಲ. ಶಾಸ್ತ್ರಗ್ರಂಥಗಳ ಪರಿಚಯವುಳ್ಳವರಿಗೆ ಇದರಲ್ಲಿ ಒಂದು ವಿಚಿತ್ರವು ಕೂಡಲೇ ತೋರುವುದು. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸಿ ಆಮೇಲೆ ಸಿದ್ಧಾಂತವನ್ನು ಸ್ಥಾಪಿಸುವರು. ವಿಕಿಪೀಡಿಯದಲ್ಲಿಯಾದರೋ ಪಕ್ಷಗಳೆಲ್ಲವನ್ನೂ ನಿರೂಪಿಸಬೇಕು, ಆದರೆ ಸಿದ್ಧಾಂತವನ್ನು ಸಂಪಾದಕನು ಹೇಳಲಾಗದು. ಒಂದೊಂದು ಪಕ್ಷಕ್ಕೂ ಎಷ್ಟು ಸ್ಥಳವನ್ನು ಕೊಡಬೇಕೆಂಬುದಕ್ಕೆ ಅಳತೆಗೋಲು ವಿಶ್ವಾಸಾರ್ಹವಾದ ಆಧಾರಗ್ರಂಥಗಳಲ್ಲಿ ಅದಕ್ಕೆ ದೊರೆತಿರುವ ಸ್ಥಳವೇ. ಇದನ್ನು ಪ್ರಮಾಣಾನುಗುಣವಾದ ಪ್ರಾಧಾನ್ಯವೆಂದು ಕರೆಯಬಹುದು. ಮುಂದೆ ಹೇಳಲಿರುವ ವಿವಾದಗಳಲ್ಲಿ ಬಹುಭಾಗ ಈ ಒಂದು ನಿಯಮದ ಅನ್ವಯದಿಂದಲೇ ಹುಟ್ಟಿದವು.

ಬದುಕಿರುವವರ ಚರಿತ್ರೆಗಳಿಗೆ ಪ್ರತ್ಯೇಕವಾದ ಕಟ್ಟುಪಾಡು ಮೊದಲು ಇರಲಿಲ್ಲ. ಅದು ಹುಟ್ಟಿದುದು ಒಬ್ಬ ಸಜ್ಜನರಿಗಾದ ಅಪಕಾರದಿಂದ. ಜಾನ್ ಸೀಗೆಂಥಾಲರ್ ಎಂಬ ಪ್ರಸಿದ್ಧ ಪತ್ರಕರ್ತರು ೧೯೬೧ರಲ್ಲಿ ರಾಬರ್ಟ್ ಕೆನಡಿಯವರ ಬಳಿ ಸಹಾಯಕರಾಗಿದ್ದವರು. ೨೦೦೫ನೆಯ ಮೇ ತಿಂಗಳಲ್ಲಿ ಹೆಸರಿಲ್ಲದ ಯಾರೋ ಒಬ್ಬರು ಅವರ ಚರಿತ್ರೆಯಲ್ಲಿ, ಕೆನಡಿ ಸಹೋದರರ ಹತ್ಯೆಗಳಲ್ಲಿ ಇವರ ಕೈವಾಡವಿದ್ದಿತೆಂದು ಕೆಲವು ಕಾಲ ಶಂಕಿಸಲಾಗಿತ್ತೆಂಬ ಶುದ್ಧ ಕಲ್ಪಿತವಾದ ಮಾತನ್ನು ಸೇರಿಸಿದರು. ನಾಲ್ಕು ತಿಂಗಳಿಗೂ ಮಿಕ್ಕಿ ಅದು ಹಾಗೆಯೇ ಉಳಿಯಿತು. ಆ ವರ್ಷದ ನವೆಂಬರಿನಲ್ಲಿ ಸೀಗೆಂಥಾಲರ್ ಅವರು ಅಮೆರಿಕದ ದೊಡ್ಡ ಪತ್ರಿಕೆಯೊಂದರಲ್ಲಿ ಈ ಸಂಗತಿಯನ್ನು ಬಹಿರಂಗಪಡಿಸಿದ ಮೇಲೆ ಡಿಸೆಂಬರಿನಲ್ಲಿ ಹೊಸ ನಿಯಮಗಳು ಬಂದುವು. ಆಧಾರವಿಲ್ಲದ ಅಥವಾ ದುರ್ಬಲವಾದ ಆಧಾರವುಳ್ಳ ಆಕ್ಷೇಪಾರ್ಹವಾದ ಮಾತು ಬದುಕಿರುವವರ ವಿಷಯದಲ್ಲಿ ಕಂಡುಬಂದರೆ ಚರ್ಚೆಗೆ ಕಾಯದೆ ಕೂಡಲೇ ತೆಗೆದುಹಾಕಬೇಕೆಂಬುದು ಅವುಗಳಲ್ಲಿ ಮುಖ್ಯವಾದುದು. ೨೦೦೯ರಲ್ಲಿ ವಿಕಿಮೀಡಿಯ ಪ್ರತಿಷ್ಠಾನದ ಆಡಳಿತಮಂಡಲಿಯು ಎಲ್ಲ ಭಾಷೆಗಳ ಆವೃತ್ತಿಗಳೂ ಈ ಬಗೆಯ ಎಚ್ಚರವನ್ನು ವಹಿಸಬೇಕೆಂದು ನಿರ್ಣಯಮಾಡಿತು. ೨೦೦೩ರಲ್ಲಿ ಆರಂಭವಾದ ಕನ್ನಡ ಆವೃತ್ತಿಯೂ ಇದಕ್ಕೆ ಒಳಪಟ್ಟಿದೆ.

ಹಸಿಯ ಸುಳ್ಳನ್ನು ತೆಗೆದುಹಾಕುವುದು ಸುಲಭವಾದ ಪಕ್ಷ. ಸಂಗತಿಯು ನಿಜವಾಗಿದ್ದು, ಅದನ್ನು ಹೇಳಬೇಕೇ ಬೇಡವೇ, ಹೇಳಿದರೆ ಎಷ್ಟು ಹೇಳಬೇಕು ಎಂಬಲ್ಲಿ ಕಷ್ಟವು ಮೊದಲಾಗುತ್ತದೆ. ಅಮೆರಿಕದ ಪ್ರತಿನಿಧಿಸಭೆಯ ಸದಸ್ಯರಾಗಿದ್ದ ಮಾರ್ಟಿ ಮೀಹನ್ ಅವರ ಚರಿತ್ರೆಯನ್ನು ಅವರ ಕಾರ್ಯಾಲಯದ ಸಿಬ್ಬಂದಿಯೇ ೨೦೦೫ರಲ್ಲಿ ಅಳಿಸಿ ತಾವು ಸಿದ್ಧಪಡಿಸಿದ ಚರಿತ್ರೆಯನ್ನು ಅಲ್ಲಿ ಇಟ್ಟರೆಂಬುದು ೨೦೦೬ನೆಯ ಜನವರಿಯಲ್ಲಿ ಬಯಲಾಯಿತು. ಅಳಿಸಿಹೋದವುಗಳಲ್ಲಿ, ನಾಲ್ಕು ಅವಧಿಗಳಿಗಿಂತ ಹೆಚ್ಚಾಗಿ ಸದಸ್ಯನಾಗಿರುವುದಿಲ್ಲವೆಂದು ಅವರು ಹಿಂದೆ ಮಾಡಿದ್ದ, ಆಮೇಲೆ ನಡೆಸದೆಹೋದ ವಾಗ್ದಾನದ ಪ್ರಸ್ತಾಪವೂ ಒಂದು. ಹೊಸ ಚರಿತ್ರೆಯಲ್ಲಿ ಅಸತ್ಯವೇನೂ ಇರಬೇಕಾದುದಿಲ್ಲ. ಬಿಟ್ಟುಬಿಟ್ಟುದರಿಂದಲೇ ಅದು ಪ್ರಶಸ್ತಿಯಾಯಿತು. ಶಾಸನಗಳ ಪ್ರಶಸ್ತಿಭಾಗವನ್ನು ಓದಿ ಬಲ್ಲವರಿಗೆ ಈ ರೀತಿ ಹೊಸದಲ್ಲ: ಗೆದ್ದ ಯುದ್ಧಗಳೆಲ್ಲ ಅಲ್ಲಿ ಇರುತ್ತವೆ, ಸೋತವುಗಳಿಗೆ ನೆರೆರಾಜ್ಯದ ಶಾಸನವನ್ನು ಹುಡುಕಬೇಕು. ೨೦೦೮ನೆಯ ಆಗಸ್ಟಿನಲ್ಲಿ ಸೇರಾ ಪೇಲಿನ್ ಅವರನ್ನು ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯೆಂದು ಸಾರುವುದಕ್ಕೆ ತುಸು ಮುಂಚೆ ಅವರ ಚರಿತ್ರೆಯಲ್ಲಿ ಒಂದೇ ಹೆಸರಿನಿಂದ ಸುಮಾರು ಮೂವತ್ತು ತಿದ್ದುಪಡಿಗಳಾಗಿ, ಬಹುಪಾಲು ಅವರಿಗೆ ಅನುಕೂಲವಾಗಿದ್ದುದೂ ಇದೇ ಜಾತಿಯದು.

ಆದರೂ ಈ ವಿಶ್ವಕೋಶಕ್ಕೆ ತಾಳೆಯೋಲೆಗೆ ಇಲ್ಲದ ಒಂದು ಗುಣವುಂಟು. ಪ್ರತಿಯೊಂದು ತಿದ್ದುಪಡಿಯೂ ದಿನ, ಗಳಿಗೆ, ತಿದ್ದಿದವರ ಗುರುತುಗಳೊಡನೆ ಲೇಖನದ ಇತಿಹಾಸಪುಟದಲ್ಲಿ ಉಳಿಯುತ್ತದೆ. ಕಾವ್ಯದಲ್ಲಿ ಪ್ರಕ್ಷಿಪ್ತವಾದ ಪದ್ಯವನ್ನು ಸೇರಿಸಿದವನಾರೆಂದು ತಿಳಿಯಲು ಗ್ರಂಥಸಂಪಾದಕನು ಹತ್ತಾರು ಪ್ರತಿಗಳನ್ನು ಹೋಲಿಸಿ ಊಹಿಸಬೇಕಾಗುವುದು; ಇಲ್ಲಿಯಾದರೋ ಪಾಠಾಂತರಗಳೆಲ್ಲ ಕ್ರಮವಾಗಿ ಜೋಡಿಸಿಯೇ ಇರುತ್ತವೆ. ಮೀಹನ್ ಅವರ ಪ್ರಕರಣವು ಬೆಳಕಿಗೆ ಬಂದುದು ಹೀಗೆಯೇ.

ಇನ್ನು ಪದಪ್ರಯೋಗದ ವಿವಾದ. ಸಾಹಿತ್ಯದ ಅಧ್ಯಾಪಕರಿಗೆ ಎಲ್ಲಕ್ಕಿಂತ ಹೆಚ್ಚಾಗಿ ರುಚಿಸತಕ್ಕ ಭಾಗವಿದು. ೨೦೧೭ರಲ್ಲಿ ಡೊನಾಲ್ಡ್ ಟ್ರಂಪ್ ಅವರು ಮೊದಲ ಸಲ ಅಮೆರಿಕದ ಅಧ್ಯಕ್ಷರಾದ ಮೇಲೆ, ಅವರ ಮಾತುಗಳಲ್ಲಿ ಅನೇಕವು ನಿಜಕ್ಕೆ ವಿರುದ್ಧವೆಂದು ಪತ್ರಿಕೆಗಳು ಲೆಕ್ಕವಿಟ್ಟು ಪ್ರಕಟಿಸುತ್ತಿದ್ದುವು. ವಿಶ್ವಕೋಶವು ಅವರನ್ನು ‘ಸುಳ್ಳುಗಾರ’ ಎನ್ನಬಹುದೇ ಎಂಬ ಪ್ರಶ್ನೆ ಎದ್ದಿತು. ಒಬ್ಬರು, ಆಧಾರಗಳೇ ಹಾಗೆ ಹೇಳುತ್ತಿರುವಾಗ ಮೃದುವಾದ ಮಾತಿನಿಂದ ಮುಚ್ಚುವುದು ಪಕ್ಷಪಾತವೆಂದರು. ಮತ್ತೊಬ್ಬರು, ಸುಳ್ಳುಗಾರನೆಂಬುದು ಮನಸ್ಸಿನೊಳಗಣ ಉದ್ದೇಶವನ್ನು ಕುರಿತ ತೀರ್ಪು, ಅದನ್ನು ಕಂಡವರಾರು ಎಂದರು. ಚರ್ಚಾಪುಟದಲ್ಲಿ ಕೊನೆಗೆ ಆದ ಒಮ್ಮತವೇನೆಂದರೆ, ವಿಶ್ವಕೋಶವು ತನ್ನ ಮಾತಾಗಿ ಆ ಪದವನ್ನು ಬಳಸಕೂಡದು. ಅವರಾಡಿದ ಮಾತು ನಿಜವಲ್ಲವೆಂಬುದನ್ನು ಆಧಾರಸಹಿತವಾಗಿ ಹೇಳಬಹುದು. ತರುವಾಯ, ಅವರು ಅನೇಕ ಅಸತ್ಯವಾದ ಅಥವಾ ದಾರಿತಪ್ಪಿಸುವ ಹೇಳಿಕೆಗಳನ್ನು ಕೊಟ್ಟರೆಂಬ ಅರ್ಥದ ವಾಕ್ಯವು ಪೀಠಿಕೆಯಲ್ಲಿಯೇ ಸೇರಿತು. ವಾಕ್ಯದ ಸತ್ಯಾಸತ್ಯತೆ ಬೇರೆ, ವಕ್ತೃವಿನ ತಾತ್ಪರ್ಯ ಬೇರೆ ಎಂಬ ಈ ವಿಂಗಡಣೆಯು ಮೀಮಾಂಸಕರಿಗೂ ನೈಯಾಯಿಕರಿಗೂ ಮೆಚ್ಚಿಕೆಯಾಗತಕ್ಕದ್ದು. ಆ ಲೇಖನದ ಚರ್ಚಾಪುಟದ ಶಿರೋಭಾಗದಲ್ಲಿ ಇಂತಹ ಒಮ್ಮತಗಳ ಪಟ್ಟಿಯೇ ಸಂಖ್ಯಾಕ್ರಮವಾಗಿ ಬೆಳೆದು ನಿಂತಿದೆ. ಧರ್ಮಶಾಸ್ತ್ರದ ನಿಬಂಧದಂತೆ, ಹೊಸದಾಗಿ ಬಂದವರು ಮೊದಲು ಅದನ್ನು ಓದಿಕೊಂಡು ವಾದಕ್ಕೆ ಇಳಿಯಬೇಕು.

ವಾದವು ಯಾವಾಗಲೂ ಈ ಮಟ್ಟದಲ್ಲಿಯೇ ನಡೆಯುವುದೆಂದು ತಿಳಿಯಬಾರದು. ತನ್ನ ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದೊಂದನ್ನೇ ಹಿಡಿದ ವಿತಂಡಾವಾದಿಗಳು ಅಲ್ಲಿಯೂ ಹೇರಳ. ಬದುಕಿರುವವರ ಚರಿತ್ರೆಯಲ್ಲಿ ಸಂಶಯವುಳ್ಳುದನ್ನು ಕೂಡಲೇ ತೆಗೆಯಬಹುದೆಂಬ ನಿಯಮವು ಇವರಿಗೆ ಒಳ್ಳೆಯ ಆಯುಧ. ಸತ್ಯವಾದುದನ್ನೂ ಆಧಾರ ಸಾಲದೆಂಬ ನೆವದಿಂದ ದಿನದಿನವೂ ಅಳಿಸುತ್ತ ಹೋಗಿ ಎದುರಾಳಿಯು ಬೇಸತ್ತು ಬಿಟ್ಟುಹೋಗುವಂತೆ ಮಾಡಬಹುದು. ಒಬ್ಬನು ಒಂದೇ ಲೇಖನದಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮೂರು ಸಲಕ್ಕಿಂತ ಹೆಚ್ಚಾಗಿ ಇತರರ ತಿದ್ದುಪಡಿಯನ್ನು ರದ್ದುಮಾಡಕೂಡದೆಂಬ ನಿಯಮವು ಜಗಳವನ್ನು ನಿಧಾನಗೊಳಿಸುತ್ತದೆ, ಅಷ್ಟೇ.

ತೀರ್ಪುಗಾರರ ಸ್ಥಿತಿಯಾದರೂ ಕ್ಷೇಮವಾದುದಲ್ಲ. ೨೦೧೫ನೆಯ ಏಪ್ರಿಲ್ ತಿಂಗಳಲ್ಲಿ, ಬ್ರಿಟನ್ನಿನ ಮಹಾಚುನಾವಣೆಗೆ ಕೆಲವೇ ದಿನಗಳಿರುವಾಗ, ಅಲ್ಲಿನ ನಿರ್ವಾಹಕರೊಬ್ಬರು ಒಂದು ಖಾತೆಯನ್ನು ತಡೆಹಿಡಿದರು. ಆಗ ಕನ್ಸರ್ವೇಟಿವ್ ಪಕ್ಷದ ಅಧ್ಯಕ್ಷಸ್ಥಾನದಲ್ಲಿದ್ದ ಗ್ರ್ಯಾಂಟ್ ಶಾಪ್ಸ್ ಅವರೋ ಅವರ ಪರವಾಗಿ ಮತ್ತೊಬ್ಬರೋ ಆ ಖಾತೆಯಿಂದ ತಮ್ಮ ಚರಿತ್ರೆಯನ್ನೂ ಇತರ ರಾಜಕಾರಣಿಗಳ ಚರಿತ್ರೆಗಳನ್ನೂ ತಿದ್ದುತ್ತಿದ್ದರೆಂಬುದು ಆಪಾದನೆ. ಈ ಸುದ್ದಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾಪ್ಸ್ ಅವರು ಅದನ್ನು ಸಂಪೂರ್ಣವಾಗಿ ನಿರಾಕರಿಸಿದರು. ಚುನಾವಣೆಯು ಮೇ ೭ರಂದು ನಡೆದುಹೋಯಿತು. ಜೂನ್ ತಿಂಗಳಲ್ಲಿ ವಿಶ್ವಕೋಶದ ಮಧ್ಯಸ್ಥಿಕೆ ಸಮಿತಿಯು, ಆ ಖಾತೆಯನ್ನು ಯಾವ ಒಬ್ಬ ನಿರ್ದಿಷ್ಟ ವ್ಯಕ್ತಿಗೂ ಸಂಬಂಧಪಡಿಸಲು ತಕ್ಕ ಪ್ರಮಾಣವಿಲ್ಲವೆಂದು ನಿರ್ಣಯಿಸಿತು. ಪಕ್ಷಪಾತದ ತೋರಿಕೆಗೆ ಎಡೆಗೊಟ್ಟರೆಂದು ನಿರ್ವಾಹಕರ ವಿಶೇಷಾಧಿಕಾರಗಳನ್ನು ಹಿಂತೆಗೆದುಕೊಂಡಿತು. ತೀರ್ಪು ಸರಿಯಾಗಿರಬಹುದು. ಆದರೆ ಆಪಾದನೆಯು ಮತದಾನಕ್ಕೆ ಮೊದಲು, ಬಿಡುಗಡೆಯು ಮತದಾನಕ್ಕೆ ಆಮೇಲೆ ಬಂದುದು ಗಮನಾರ್ಹವಾದುದು. ರಾಜಕಾರಣಿಯ ಚರಿತ್ರೆಯಲ್ಲಿ ನ್ಯಾಯಕ್ಕೆ ಕಾಲದ ಮಿತಿಯೂ ಒಂದುಂಟೆಂಬುದನ್ನು ಈ ಪ್ರಕರಣವು ತೋರಿಸುತ್ತದೆ.

ವಿಶ್ವಕೋಶದ ಸ್ಥಾಪಕರಲ್ಲಿ ಒಬ್ಬರಾಗಿ, ಬೇಗನೆ ಅದನ್ನು ಬಿಟ್ಟುಹೋದ ಸ್ಯಾಂಗರ್ ಅವರು ೨೦೨೦ರಲ್ಲಿ ಪ್ರಕಟಿಸಿದ ಆಕ್ಷೇಪವು ಇನ್ನೊಂದು ಬಗೆಯದು. ಬರಾಕ್ ಒಬಾಮ ಅವರ ಚರಿತ್ರೆಯನ್ನೂ ಟ್ರಂಪ್ ಅವರ ಚರಿತ್ರೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಮೊದಲನೆಯದರಲ್ಲಿ ಅಪವಾದಗಳು ಬಹುಮಟ್ಟಿಗೆ ಬಿಟ್ಟುಹೋಗಿವೆ, ಎರಡನೆಯದು ಅಪವಾದಗಳಿಂದಲೇ ತುಂಬಿದೆ, ಆದುದರಿಂದ ತಟಸ್ಥ ದೃಷ್ಟಿಯೆಂಬುದು ಸತ್ತುಹೋಯಿತು ಎಂದು ಅವರು ವಾದಿಸಿದರು. ಇದಕ್ಕೆ ವಿಶ್ವಕೋಶದ ನಿಯಮಗಳಿಂದ ದೊರೆಯುವ ಸಮಾಧಾನವು, ಇಬ್ಬರಿಗೂ ಸಮನಾಗಿ ಹಂಚುವುದು ಸಮದೃಷ್ಟಿಯಲ್ಲ, ಆಧಾರಗಳಲ್ಲಿರುವ ಪ್ರಮಾಣವನ್ನು ಅನುಸರಿಸುವುದೇ ಸಮದೃಷ್ಟಿ ಎಂಬುದು. ಈ ಸಮಾಧಾನವು ಅರ್ಧ ಮಾತ್ರ ಸಾಲುತ್ತದೆ. ಯಾವ ಪತ್ರಿಕೆಯು ವಿಶ್ವಾಸಾರ್ಹವೆಂಬುದನ್ನು ನಿಶ್ಚಯಿಸುವವರೂ ಅದೇ ಸಂಪಾದಕರಲ್ಲವೆ? ೨೦೧೭ರಲ್ಲಿ ಲಂಡನ್ನಿನ ಡೇಲಿ ಮೇಲ್ ಪತ್ರಿಕೆಯು ಸಾಮಾನ್ಯವಾಗಿ ಆಧಾರವಾಗಲಾರದೆಂದು ಅವರೇ ಚರ್ಚಿಸಿ ಗೊತ್ತುಮಾಡಿದರು. ಕಾರಣಗಳು ಬಲವಾಗಿಯೇ ಇದ್ದುವು. ಆದರೂ ತಕ್ಕಡಿಯನ್ನು ಹಿಡಿದವನೇ ತೂಕದ ಕಲ್ಲನ್ನೂ ಆರಿಸುವ ಸ್ಥಿತಿ ಅಲ್ಲಿರುವುದನ್ನು ಒಪ್ಪಲೇಬೇಕು.

ಈ ವಾದಗಳ ನಡುವೆ ಶೇನ್ ಗ್ರೀನ್‌ಸ್ಟೈನ್ ಮತ್ತು ಫೆಂಗ್ ಝು ಎಂಬ ಅರ್ಥಶಾಸ್ತ್ರಜ್ಞರು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನವು ಬೆಲೆಯುಳ್ಳದ್ದು. ಅಮೆರಿಕದ ರಾಜಕೀಯವನ್ನು ಕುರಿತ ಸುಮಾರು ೨೮,೦೦೦ ಲೇಖನಗಳಲ್ಲಿ, ಎರಡು ಪಕ್ಷಗಳವರು ವಿಶೇಷವಾಗಿ ಬಳಸುವ ನುಡಿಗಟ್ಟುಗಳು ಎಷ್ಟೆಷ್ಟು ಬಂದಿವೆಯೆಂದು ಅವರು ಅಳೆದರು. ಮೊದಲ ವರ್ಷಗಳಲ್ಲಿ ಲೇಖನಗಳು ಡೆಮೊಕ್ರಾಟಿಕ್ ಪಕ್ಷದ ಕಡೆಗೆ ವಾಲಿದ್ದುವು, ಕಾಲಕ್ರಮದಲ್ಲಿ ಆ ವಾಲಿಕೆಯು ತಗ್ಗಿತು. ಅದು ತಗ್ಗಿದ ಬಗೆಯೇ ಸ್ವಾರಸ್ಯವಾದುದು. ಹಳೆಯ ಲೇಖನಗಳು ತಿದ್ದುಪಡಿಯಿಂದ ನೆಟ್ಟಗಾದುದು ಅಲ್ಪ. ಹೆಚ್ಚಿನವು ಹುಟ್ಟಿದಾಗ ಇದ್ದ ಓಲುವೆಯನ್ನೇ ಬಹುಮಟ್ಟಿಗೆ ಉಳಿಸಿಕೊಂಡುವು. ಎದುರುದಿಕ್ಕಿಗೆ ವಾಲಿದ ಹೊಸ ಲೇಖನಗಳು ಬಂದು ಸೇರಿದುದರಿಂದ ಒಟ್ಟು ಮೊತ್ತವು ಸಮವಾಯಿತು. ಹಾಗಾದರೆ ಕೋಶವು ಸಮವಾಗಿದೆಯೆಂಬ ಮಾತಿನಿಂದ ಒಬ್ಬ ರಾಜಕಾರಣಿಗೆ ಏನು ಪ್ರಯೋಜನ? ಓದುವವನು ಕೋಶವನ್ನೆಲ್ಲ ಓದುವುದಿಲ್ಲ; ಮತದಾನದ ಹಿಂದಿನ ದಿನ ಒಬ್ಬ ಅಭ್ಯರ್ಥಿಯ ಒಂದು ಪುಟವನ್ನು ತೆರೆಯುತ್ತಾನೆ.

ಈ ನಿಯಮಗಳು ಕನ್ನಡಕ್ಕೆ ಬಂದಾಗ ಇಂಗ್ಲಿಷಿನಲ್ಲಿ ಇಲ್ಲದ ತೊಡಕುಗಳು ಏಳುತ್ತವೆ. ಮೇಲೆ ಹೇಳಿದ ಟ್ರಂಪ್ ಅವರ ಪ್ರಕರಣದ ಒಮ್ಮತವನ್ನೇ ತೆಗೆದುಕೊಳ್ಳಬಹುದು. ಇಂಗ್ಲಿಷಿನಲ್ಲಿ ಬುದ್ಧಿಪೂರ್ವಕವಾದ ಸುಳ್ಳಿಗೆ ಒಂದು ಪದ, ನಿಜವಲ್ಲದ್ದಕ್ಕೆ ಬೇರೊಂದು ಪದ. ಕನ್ನಡದಲ್ಲಿ ‘ಆ ಸುದ್ದಿ ಸುಳ್ಳು’ ಎಂದರೆ ಯಾರ ಮೇಲೂ ದೋಷವಿಲ್ಲ. ‘ಅವರು ಸುಳ್ಳಾಡಿದರು’ ಎಂದೊಡನೆ ದೋಷವು ತಗಲುತ್ತದೆ. ಪದವು ಒಂದೇ, ಭೇದವಿರುವುದು ವಾಕ್ಯರಚನೆಯಲ್ಲಿ. ಅಂತೆಯೇ ‘ಹೇಳಿದರು’ ಎಂಬಲ್ಲಿ ‘ಹೇಳಿಕೊಂಡರು’ ಎಂದರೆ ಸಂಶಯದ ಛಾಯೆಯು ಬಂದುಬಿಡುತ್ತದೆ. ಇನ್ನು ಪತ್ರಿಕೆಗಳಲ್ಲಿ ದಿನವೂ ಕಾಣುವ ‘ಆರೋಪಿ’ ಎಂಬ ಪದ: ಸಂಸ್ಕೃತ ವ್ಯಾಕರಣದಂತೆ ಅದಕ್ಕೆ ಆರೋಪಿಸುವವನೆಂದೇ ಅರ್ಥವಾಗಬೇಕು, ಆರೋಪಕ್ಕೆ ಗುರಿಯಾದವನು ಆರೋಪಿತ ಅಥವಾ ಆಪಾದಿತ. ರೂಢಿಯು ಈಗ ತಿರುಗಿ ನಿಂತಿರುವುದರಿಂದ ಅದರೊಡನೆ ಹೋರಾಡುವುದು ವ್ಯರ್ಥ. ಆದರೆ ‘ಆರೋಪಿ’ ಮತ್ತು ‘ಅಪರಾಧಿ’ ಎಂಬೆರಡನ್ನು ಒಂದರ ಸ್ಥಾನದಲ್ಲಿ ಇನ್ನೊಂದೆಂದು ಬಳಸುವ ಅಜಾಗ್ರತೆಯನ್ನು ಚರಿತ್ರಲೇಖನದಲ್ಲಿ ಕ್ಷಮಿಸಲಾಗದು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಬಹುವಚನದ ವಿಚಾರ. ಇಂಗ್ಲಿಷಿನ ಸಂಪಾದಕನಿಗೆ ಎಲ್ಲ ರಾಜಕಾರಣಿಗಳಿಗೂ ಸರ್ವನಾಮವು ಒಂದೇ. ಕನ್ನಡದಲ್ಲಿ ಗೌರವವು ಕ್ರಿಯಾಪದದೊಳಗೇ ಕುಳಿತಿದೆ; ‘ಗೆದ್ದನು’ ಎಂದೋ ‘ಗೆದ್ದರು’ ಎಂದೋ ಬರೆಯದೆ ವಾಕ್ಯವು ಮುಗಿಯದು. ಪ್ರಾಚೀನರಾದ ರಾಜರಿಗೆ ಏಕವಚನವು ಸಲ್ಲುತ್ತದೆ, ಅದರಿಂದ ಅವಮಾನವಿಲ್ಲ. ಬದುಕಿರುವ ಇಬ್ಬರು ಎದುರಾಳಿಗಳಲ್ಲಿ ಒಬ್ಬರಿಗೆ ಏಕವಚನ, ಇನ್ನೊಬ್ಬರಿಗೆ ಬಹುವಚನವಾದರೆ ಆಧಾರಗಳೆಲ್ಲ ಸರಿಯಾಗಿದ್ದರೂ ಪಕ್ಷಪಾತವು ಸಿದ್ಧವಾಗಿರುತ್ತದೆ. ಅಪರಾಧವಾರ್ತೆಯಲ್ಲಿ ಆಪಾದಿತನನ್ನು ‘ಎಂಬಾತ’ ಎಂದು ಏಕವಚನಕ್ಕೆ ಇಳಿಸುವುದು ನಮ್ಮ ಪತ್ರಿಕೆಗಳ ವಾಡಿಕೆ. ನಿನ್ನೆಯವರೆಗೆ ‘ಅವರು’ ಆಗಿದ್ದ ಶಾಸಕರ ಮೇಲೆ ಮೊಕದ್ದಮೆಯು ಹೂಡಲ್ಪಟ್ಟ ದಿನ, ಸಂಪಾದಕನು ಪತ್ರಿಕೆಯ ವಾಕ್ಯವನ್ನು ಅದೇ ವಚನದಲ್ಲಿ ಎತ್ತಿ ಬರೆದರೆ ನ್ಯಾಯಾಲಯವು ಕೊಡದ ತೀರ್ಪನ್ನು ವಿಶ್ವಕೋಶವು ವಿಭಕ್ತಿಪ್ರತ್ಯಯದಲ್ಲಿಯೇ ಕೊಟ್ಟಂತಾಗುತ್ತದೆ. ಇಂಗ್ಲಿಷಿನಲ್ಲಿ ರೂಪುಗೊಂಡ ನಿಯಮಗಳಲ್ಲಿ ಇದರ ಪ್ರಸ್ತಾಪವು ಬರುವ ಸಂಭವವೇ ಇಲ್ಲ. ಬದುಕಿರುವವರೆಲ್ಲರಿಗೂ ಆದಿಯಿಂದ ಅಂತ್ಯದವರೆಗೆ, ದಂಡನೆಯಾದ ಮೇಲೆಯೂ, ಒಂದೇ ವಚನವನ್ನು ಬಳಸತಕ್ಕದ್ದೆಂಬ ಸೂತ್ರವನ್ನು ಕನ್ನಡದ ಸಂಪಾದಕರು ತಾವೇ ರಚಿಸಿಕೊಳ್ಳಬೇಕಾಗಿದೆ.