ಬಾಗಿಲಿನ ಬಣ್ಣ, ಅಫೀಮಿನ ಹನಿ

ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ರ ಮೇ 4ರಂದು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಜನರಲ್ ಬೇರ್ಡ್‌ನ ಸೈನ್ಯ ಕಾವೇರಿಯನ್ನು ದಾಟಿ ಒಡೆದ ಗೋಡೆಯೊಳಗೆ ನುಗ್ಗಿತು. ಸಂಜೆಯ ಹೊತ್ತಿಗೆ ಟಿಪ್ಪು ಸುಲ್ತಾನ್ ಹತನಾಗಿದ್ದ. ರಾತ್ರಿಯೆಲ್ಲ ಊರು ಲೂಟಿಯಾಯಿತು. ಇಷ್ಟು ನಿಮ್ಮ ಇತಿಹಾಸದ ಪಠ್ಯದಲ್ಲಿದೆ. ಪಠ್ಯದಲ್ಲಿ ಇಲ್ಲದ ಸಂಗತಿ ಇನ್ನೊಂದಿದೆ. ಇಂಗ್ಲಿಷಿನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ಒಂದೆಂದು ಹೆಸರಾದ ಕೃತಿ ಆರಂಭವಾಗುವುದು ಲಂಡನ್ನಿನ ಮಂಜಿನಲ್ಲಿ ಅಲ್ಲ. ಈ ಲೂಟಿಯ ನಡುವೆ, ಟಿಪ್ಪುವಿನ ಅರಮನೆಯ ಶಸ್ತ್ರಾಗಾರದಲ್ಲಿ.

ಕೃತಿಯ ಹೆಸರು ‘ದಿ ಮೂನ್‌ಸ್ಟೋನ್’. ಬರೆದವನು ವಿಲ್ಕಿ ಕಾಲಿನ್ಸ್. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 1868ರ ಜನವರಿಯಿಂದ ಆಗಸ್ಟ್‌ವರೆಗೆ ಧಾರಾವಾಹಿಯಾಗಿ ಬಂತು. ಹೆಸರು ಕೇಳಿ ನಮ್ಮ ಕಾವ್ಯಗಳ ಚಂದ್ರಕಾಂತ ಶಿಲೆ ಎಂದುಕೊಳ್ಳಬೇಡಿ. ಇಲ್ಲಿರುವುದು ಹಳದಿ ಬಣ್ಣದ ಒಂದು ವಜ್ರ. ಸೋಮನಾಥದ ಚಂದ್ರದೇವನ ಮೂರ್ತಿಯ ಹಣೆಯಲ್ಲಿದ್ದ ಈ ವಜ್ರ ಕೈಯಿಂದ ಕೈಗೆ ದಾಟಿ ಟಿಪ್ಪುವಿನ ಕಠಾರಿಯ ಹಿಡಿಯನ್ನು ಸೇರಿದೆ ಎಂಬುದು ಕತೆಯ ಕಲ್ಪನೆ. ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಕಾಯುತ್ತಿದ್ದ ಮೂವರನ್ನು ಇರಿದು ಕದಿಯುತ್ತಾನೆ. ಕೂಗು ಕೇಳಿ ಒಳಬಂದ ಅವನ ಸೋದರ ಸಂಬಂಧಿಗೆ ಕಾಣುವುದು ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ. ಇರಿದದ್ದನ್ನು ಅವನು ನೋಡಿಲ್ಲ. ಆದ್ದರಿಂದ ತನ್ನ ಬಳಿ ಸಾಕ್ಷ್ಯವಿಲ್ಲವೆಂದು ಮನೆಯವರಿಗೆ ಕಾಗದ ಬರೆದು, ಹೊರಗೆ ಸುಮ್ಮನಾಗುತ್ತಾನೆ.

ವಜ್ರ ಕಲ್ಪನೆಯದು, ಲೂಟಿ ಕಲ್ಪನೆಯದಲ್ಲ. ಮರುದಿನ ಆರ್ಥರ್ ವೆಲ್ಲೆಸ್ಲಿ ಊರಿನ ಅಧಿಕಾರ ವಹಿಸಿಕೊಂಡು ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಸೂರೆ ಹತೋಟಿಗೆ ಬಂದದ್ದು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಸಿಪಾಯಿಯ ಮೇಲೆ ಎರಗಿದ ಮರದ ಹುಲಿ ಲಂಡನ್ನಿಗೆ ಹೋಗಿ ಪ್ರದರ್ಶನದ ವಸ್ತುವಾಯಿತು. 1868ರ ಇಂಗ್ಲಿಷ್ ಓದುಗನಿಗೆ ಶ್ರೀರಂಗಪಟ್ಟಣ ಅಪರಿಚಿತ ಹೆಸರೇನೂ ಆಗಿರಲಿಲ್ಲ. ನಮಗಂತೂ ಅದು ಒಂದು ಭಾನುವಾರದ ಪ್ರವಾಸದ ದೂರ. ಅಲ್ಲಿ ರೈಲು ಹಳಿಯ ಮಗ್ಗುಲಲ್ಲಿದ್ದ ಟಿಪ್ಪು ಕಾಲದ ಶಸ್ತ್ರಾಗಾರವೊಂದನ್ನು ಜೋಡಿ ಮಾರ್ಗಕ್ಕಾಗಿ 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಕತೆಯ ಶಸ್ತ್ರಾಗಾರ ಅದಲ್ಲ, ಆದರೂ ಪುಸ್ತಕ ಓದಿ ಹೋದವರ ಕಣ್ಣು ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ.

ಐವತ್ತು ವರ್ಷ ಕಳೆಯುತ್ತದೆ. ಹರ್ನ್‌ಕ್ಯಾಸಲ್ ತನ್ನ ಉಯಿಲಿನಲ್ಲಿ ಆ ವಜ್ರವನ್ನು ಸೋದರ ಸೊಸೆ ರೇಚಲ್‌ಗೆ ಬಿಟ್ಟಿದ್ದಾನೆ. 1848ರ ಜೂನ್ 21ರಂದು, ಅವಳ ಹದಿನೆಂಟನೆಯ ಹುಟ್ಟುಹಬ್ಬದ ದಿನ, ಯಾರ್ಕ್‌ಷೈರ್‌ನ ಹಳ್ಳಿಮನೆಯಲ್ಲಿ ಅದು ಅವಳ ಕೈಸೇರುತ್ತದೆ. ಅದೇ ರಾತ್ರಿ ಕಳವಾಗುತ್ತದೆ. ಇಲ್ಲಿಂದ ಮುಂದೆ ವಿಜ್ಞಾನದ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಓದುವುದು ಒಳ್ಳೆಯದು.

ಮೊದಲು ಬರುವವನು ಸ್ಥಳೀಯ ಪೊಲೀಸ್ ಸೂಪರಿಂಟೆಂಡೆಂಟ್ ಸೀಗ್ರೇವ್. ಬಂದವನೇ ಆಳುಕಾಳುಗಳನ್ನೆಲ್ಲ ಗದರಿಸಿ ಕಳ್ಳರಂತೆ ಕಾಣುತ್ತಾನೆ. ರೇಚಲ್‌ಳ ಕೋಣೆಯ ಬಾಗಿಲಿಗೆ ಹೊಸದಾಗಿ ಚಿತ್ರ ಬರೆದಿತ್ತು. ಬೀಗದ ಕೆಳಗೆ ಆ ಬಣ್ಣ ಒಂದಿಷ್ಟು ಒರೆಸಿಹೋಗಿದೆ. ಹೆಂಗಸರ ಲಂಗ ತಗುಲಿರಬೇಕು, ಕ್ಷುಲ್ಲಕ ಸಂಗತಿ ಎಂದು ಸೀಗ್ರೇವ್ ಅದನ್ನು ತಳ್ಳಿಹಾಕುತ್ತಾನೆ. ಆಮೇಲೆ ಸ್ಕಾಟ್‌ಲೆಂಡ್ ಯಾರ್ಡಿನಿಂದ ಬರುವ ಸಾರ್ಜೆಂಟ್ ಕಫ್ ಹಿಡಿದುಕೊಳ್ಳುವುದು ಅದನ್ನೇ. ಬಣ್ಣ ಬಳಿದು ಮುಗಿದದ್ದು ಯಾವಾಗ? ಬುಧವಾರ ಮಧ್ಯಾಹ್ನ 3 ಗಂಟೆಗೆ. ಒಣಗಲು ಎಷ್ಟು ಹೊತ್ತು ಬೇಕು? 12 ಗಂಟೆ. ಅಂದರೆ ಗುರುವಾರ ಬೆಳಗಿನ ಜಾವ 3ಕ್ಕೆ ಬಣ್ಣ ಒಣಗಿದೆ. ಸೀಗ್ರೇವ್ ಹೆಂಗಸರ ಗುಂಪನ್ನು ಕಂಡದ್ದು ಬೆಳಗಿನ 11ಕ್ಕೆ. ಒಣಗಿ 8 ಗಂಟೆಯಾದ ಬಣ್ಣವನ್ನು ಯಾವ ಲಂಗವೂ ಒರೆಸಲಾರದು. ಮಧ್ಯರಾತ್ರಿ ಮನೆಯ ಹುಡುಗಿಯೊಬ್ಬಳು ಬಾಗಿಲನ್ನು ನೋಡಿದಾಗ ಚಿತ್ರ ಸರಿಯಾಗಿಯೇ ಇತ್ತು. ಹಾಗಾದರೆ ಬಣ್ಣ ಒರೆಸಿಹೋದದ್ದು ರಾತ್ರಿ 12ರಿಂದ 3ರ ಒಳಗೆ. ಆ ಮನೆಯಲ್ಲಿ ಎಲ್ಲೋ ಒಂದು ಕಡೆ, ಬಣ್ಣ ಮೆತ್ತಿದ ಬಟ್ಟೆಯೊಂದು ಇರಲೇಬೇಕು.

ಸೂಕ್ಷ್ಮದರ್ಶಕವಿಲ್ಲ, ರಾಸಾಯನಿಕವಿಲ್ಲ, ಕೂಡುವ ಕಳೆಯುವ ಲೆಕ್ಕ ಮಾತ್ರ. ಆದರೂ ಇಲ್ಲಿ ವಿಧಿವಿಜ್ಞಾನದ ತಳಹದಿ ಇದೆ. ಒಂದು ವಸ್ತು ಇನ್ನೊಂದಕ್ಕೆ ತಗುಲಿದರೆ ಎರಡರಲ್ಲೂ ಗುರುತು ಉಳಿಯುತ್ತದೆ; ಆ ಗುರುತಿಗೆ ಒಂದು ವೇಳೆಯೂ ಇರುತ್ತದೆ. ಸಾರ್ಜೆಂಟ್ ಕಫ್‌ನ ಲೆಕ್ಕದಲ್ಲಿ ಒಂದು ಕೊರತೆಯಿದೆ, ಅದನ್ನೂ ಹೇಳಬೇಕು. ಎಣ್ಣೆಬಣ್ಣ ನಮ್ಮ ಅಂಗಳದ ಒದ್ದೆ ಬಟ್ಟೆಯಂತೆ ನೀರಾರಿ ಒಣಗುವುದಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಚಳಿಯಿದ್ದರೆ ನಿಧಾನ, ಸೆಕೆಯಿದ್ದರೆ ಬೇಗ. ದಪ್ಪ ಬಳಿದರೆ ಇನ್ನೂ ನಿಧಾನ. ಕತೆಯಲ್ಲಿ 12 ಗಂಟೆ ಎಂಬುದು ಆ ಬಣ್ಣ ಬೆರೆಸಿದ ಫ್ರಾಂಕ್ಲಿನ್ ಬ್ಲೇಕ್‌ನ ಮಾತು ಮಾತ್ರ. ಇಂದಿನ ಪ್ರಯೋಗಾಲಯವಾಗಿದ್ದರೆ ಅದೇ ಬಣ್ಣವನ್ನು ಅಂಥದೇ ಹಲಗೆಗೆ ಬಳಿದು, ಗಡಿಯಾರ ಇಟ್ಟುಕೊಂಡು ಕಾಯುತ್ತಿತ್ತು. ನಿಮ್ಮ ಮನೆಯ ಬಾಗಿಲಿಗೆ ಮುಂದಿನ ಸಲ ಬಣ್ಣ ಹೊಡೆಸಿದಾಗ ಇದನ್ನು ನೀವೇ ಮಾಡಿ ನೋಡಬಹುದು. ಹಬ್ಬದ ಹಿಂದಿನ ದಿನ ಮಾತ್ರ ಬೇಡ.

ಬಟ್ಟೆಯ ಸುಳಿವನ್ನು ಕಾಲಿನ್ಸ್ ಗಾಳಿಯಿಂದ ಹಿಡಿದದ್ದಲ್ಲ. 1860ರ ಜೂನ್ ಕೊನೆಯಲ್ಲಿ ಇಂಗ್ಲೆಂಡಿನ ರೋಡ್ ಹಿಲ್ ಎಂಬ ಮನೆಯಲ್ಲಿ ಪುಟ್ಟ ಹುಡುಗನೊಬ್ಬನ ಕೊಲೆಯಾಯಿತು. ತನಿಖೆಗೆ ಹೋದ ಜಾಕ್ ವಿಚರ್ 1842ರಲ್ಲಿ ಲಂಡನ್ ಪೊಲೀಸರು ಕಟ್ಟಿದ ಎಂಟು ಮಂದಿಯ ಪತ್ತೇದಾರಿ ದಳದಲ್ಲಿ ಒಬ್ಬ. ಅಗಸರ ಪಟ್ಟಿಯಲ್ಲಿದ್ದು ಮನೆಯಲ್ಲಿ ಕಾಣೆಯಾದ ಒಂದು ರಾತ್ರಿಯುಡುಗೆಯ ಎಳೆ ಹಿಡಿದು ಅವನು ಹುಡುಗನ ಮಲ-ಅಕ್ಕ ಕಾನ್‌ಸ್ಟೆನ್ಸ್ ಕೆಂಟ್‌ಳನ್ನು ಬಂಧಿಸಿದ. ಉಡುಗೆ ಸಿಗಲಿಲ್ಲ. ಕುಲೀನ ಮನೆಯ ಹೆಣ್ಣುಮಗಳ ಮೇಲೆ ಕೆಳವರ್ಗದ ಪೊಲೀಸಿನವನು ಕೈಯೆತ್ತಿದನೆಂದು ಪತ್ರಿಕೆಗಳು ಕೂಗಾಡಿದವು, ಅವಳ ಬಿಡುಗಡೆಯಾಯಿತು, ವಿಚರ್‌ನ ಹೆಸರು ಕೆಟ್ಟಿತು. 1865ರಲ್ಲಿ ಅವಳೇ ಬಂದು ತಪ್ಪೊಪ್ಪಿಕೊಂಡಳು.

ಕಾದಂಬರಿಯಲ್ಲಿ ಉಡುಗೆ ಸಿಗುತ್ತದೆ, ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ರೊಸಾನಾ ಎಂಬ ಸೇವಕಿ ಹಿಂದೆ ಕಳವು ಮಾಡಿ ಶಿಕ್ಷೆ ಅನುಭವಿಸಿದವಳು. ಎಲ್ಲರ ಸಂಶಯ ಅವಳ ಮೇಲೆ ಹರಿಯುತ್ತದೆ. ಬಣ್ಣ ಮೆತ್ತಿದ ರಾತ್ರಿಯುಡುಗೆಯನ್ನು ಅವಳು ನಿಜಕ್ಕೂ ಬಚ್ಚಿಟ್ಟಿದ್ದಾಳೆ. ಕದ್ದವಳಾಗಿ ಅಲ್ಲ, ಉಡುಗೆಯ ಮೇಲೆ ಹೆಸರಿದ್ದವನ ಮೇಲಿನ ಮಮತೆಯಿಂದ. ಆ ಭಾರ ತಾಳಲಾರದೆ ಸಮುದ್ರದಂಡೆಯ ಕುಸಿಮರಳಿಗೆ ಇಳಿದು ಸಾಯುತ್ತಾಳೆ. ವಜ್ರವನ್ನು ಹುಡುಕಿಕೊಂಡು ಬಂದ ಮೂವರು ಭಾರತೀಯರನ್ನು, ಆ ರಾತ್ರಿ ಅವರು ಬೇರೆಡೆ ಇದ್ದರೆಂಬುದಕ್ಕೆ ಸಾಕ್ಷಿಯಿದ್ದರೂ, ಬೇರೆ ನೆಪ ಹೂಡಿ ವಾರವಿಡೀ ಸೆರೆಯಲ್ಲಿಡುತ್ತಾರೆ. ಸಾಕ್ಷ್ಯ ದೊರೆಯುವ ಮುನ್ನವೇ ಸಂಶಯ ಯಾರನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದನ್ನು ಈ ಪುಟಗಳು ತೋರಿಸುತ್ತವೆ. ನನಗೆ ಕಾದಂಬರಿಯ ಅತ್ಯುತ್ತಮ ಭಾಗ ಇದೇ.

ಉಡುಗೆಯ ಮೇಲಿದ್ದದ್ದು ಫ್ರಾಂಕ್ಲಿನ್ ಬ್ಲೇಕ್‌ನ ಹೆಸರು. (ಇನ್ನು ಮುಂದೆ ಗುಟ್ಟು ಒಡೆಯುತ್ತಿದ್ದೇನೆ, ಓದದವರು ಕ್ಷಮಿಸಬೇಕು.) ಕಳ್ಳನನ್ನು ಹಿಡಿಯಲು ಎಲ್ಲರಿಗಿಂತ ಹೆಚ್ಚು ಓಡಾಡಿದವನೇ ಅವನು. ರೇಚಲ್ ಅವನನ್ನು ಕಣ್ಣಾರೆ ನೋಡಿದ್ದಳು. ಅವನು ವಜ್ರ ತೆಗೆದುಕೊಂಡದ್ದು ನಿಜ. ಅವನಿಗೋ ಏನೂ ನೆನಪಿಲ್ಲ. ವೈದ್ಯಶಾಸ್ತ್ರವನ್ನು ಹೀಯಾಳಿಸಿದ್ದಕ್ಕೆ ಡಾಕ್ಟರ್ ಕ್ಯಾಂಡಿ ಅಂದು ರಾತ್ರಿ ಅವನಿಗೆ ತಿಳಿಯದಂತೆ 25 ಮಿನಿಮ್, ಎಂದರೆ ಸುಮಾರು ಅಷ್ಟೇ ಹನಿ, ಲಾಡನಮ್ ಕುಡಿಸಿದ್ದ. ಲಾಡನಮ್ ಎಂದರೆ ಮದ್ಯಸಾರದಲ್ಲಿ ಕರಗಿಸಿದ ಅಫೀಮು. ಆಗ ಇಂಗ್ಲೆಂಡಿನಲ್ಲಿ ಅದು ಕೆಮ್ಮಿಗೂ ನಿದ್ದೆಗೂ ಅಂಗಡಿಯಲ್ಲಿ ಸಿಗುತ್ತಿತ್ತು. ಅದರ ಮಾರಾಟಕ್ಕೆ ಕಾನೂನಿನ ಕಡಿವಾಣ ಬಿದ್ದದ್ದು ಈ ಕಾದಂಬರಿ ಬಂದ 1868ರಲ್ಲೇ. ಕೀಲುನೋವಿಗೆ ಅದನ್ನು ಕುಡಿದು ಕುಡಿದು ಕಾಲಿನ್ಸ್ ಸ್ವತಃ ಅದರ ಗೀಳಿಗೆ ಬಿದ್ದಿದ್ದ.

ಎಜ್ರಾ ಜೆನ್ನಿಂಗ್ಸ್ ಎಂಬ ಬಡ ವೈದ್ಯ ಸಹಾಯಕ ಒಂದು ಪ್ರಯೋಗ ಸೂಚಿಸುತ್ತಾನೆ. ಅದೇ ಮನೆ, ಅದೇ ಕೋಣೆ, ಅದೇ ಪೀಠೋಪಕರಣ, ಅದೇ ಅಫೀಮು; ಮನುಷ್ಯ ಅದೇ ಕೆಲಸವನ್ನು ಮತ್ತೆ ಮಾಡುತ್ತಾನೋ ನೋಡೋಣ. ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಿಂದಿನ ದಿನ ನಿಲ್ಲಿಸಿದ ದೃಶ್ಯವನ್ನು ಮರುದಿನ ಮುಂದುವರಿಸುವಾಗ ಮೇಜಿನ ಮೇಲಿನ ಲೋಟವೂ ಅದೇ ಜಾಗದಲ್ಲಿರಬೇಕು. ಜೆನ್ನಿಂಗ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಹಿಂದಿನ ವರ್ಷ ಬ್ಲೇಕ್ ಚುಟ್ಟ ಸೇದುವುದನ್ನು ಬಿಟ್ಟು ನಿದ್ದೆಗೆಟ್ಟಿದ್ದ. ಆದ್ದರಿಂದ ಈಗಲೂ ಬಿಡಿಸುತ್ತಾನೆ. ಅಫೀಮು ಈ ಸಲ 40 ಮಿನಿಮ್. ವಕೀಲನೂ ಮನೆಯ ಹಳೆಯ ಆಳೂ ಸಾಕ್ಷಿಗಳು. ಎಲ್ಲಕ್ಕಿಂತ ಮುಖ್ಯವಾಗಿ, ಈ ಸಲ ಬ್ಲೇಕ್ ತಿಳಿದು ಒಪ್ಪಿ ಕುಡಿಯುತ್ತಾನೆ.

ಬ್ಲೇಕ್ ಎದ್ದು ನಡೆಯುತ್ತಾನೆ, ವಜ್ರದ ಬದಲಿಗೆ ಇಟ್ಟ ಸ್ಫಟಿಕವನ್ನು ತೆಗೆಯುತ್ತಾನೆ. ಕತೆಯ ಪ್ರಕಾರ ಕಾರಣ ಕಳ್ಳತನವಲ್ಲ, ವಜ್ರ ಸುರಕ್ಷಿತವಾಗಿಲ್ಲವೆಂಬ ಆತಂಕ. ಆದರೆ ಮುಂದೆ ಅದನ್ನು ಎಲ್ಲಿ ಇಡುತ್ತಾನೆ ಎಂದು ಎಲ್ಲರೂ ಉಸಿರು ಬಿಗಿಹಿಡಿದಿರುವಾಗ ಕಲ್ಲು ಕೈಜಾರುತ್ತದೆ, ಅವನು ಸೋಫಾದ ಮೇಲೆ ಮಲಗಿ ನಿದ್ದೆಹೋಗುತ್ತಾನೆ. ಪ್ರಯೋಗ ಅರ್ಧಕ್ಕೇ ನಿಂತಿತು.

ಹೀಗೆ ನಡೆಯಲು ಸಾಧ್ಯವೇ? ಪುಸ್ತಕಗಳನ್ನೂ ತಜ್ಞರನ್ನೂ ವಿಚಾರಿಸಿಯೇ ಬರೆದದ್ದಾಗಿ ಕಾಲಿನ್ಸ್ ಮುನ್ನುಡಿಯಲ್ಲಿ ಹೇಳುತ್ತಾನೆ. ಕಲಿತಾಗಿನ ಸ್ಥಿತಿಗೂ ಪರಿಸರಕ್ಕೂ ನೆನಪು ಅಂಟಿಕೊಂಡಿರುತ್ತದೆ ಎಂಬ ವಿಚಾರ ಅವನ ಕಾಲದಲ್ಲೇ ಇತ್ತು. 1975ರಲ್ಲಿ ಗಾಡನ್ ಮತ್ತು ಬ್ಯಾಡ್‌ಲಿ ಎಂಬ ವಿಜ್ಞಾನಿಗಳು ಮುಳುಗುಗಾರರಿಗೆ ನೀರಿನಡಿ ಪದಗಳನ್ನು ಕಲಿಸಿದಾಗ, ಅವು ನೀರಿನಡಿಯಲ್ಲೇ ಹೆಚ್ಚು ನೆನಪಾದವು. ಆದರೆ 2021ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಆ ಫಲ ಸಿಗಲಿಲ್ಲ. ಒಂದು ಇಡೀ ರಾತ್ರಿಯ ನಡೆಯನ್ನು ಔಷಧಿ ಮತ್ತೆ ಆಡಿಸಿ ತೋರಿಸುತ್ತದೆ ಎಂಬುದು ಕಾದಂಬರಿಯಲ್ಲಿ ಮಾತ್ರ ಆಗುವಂಥದು.

ಬೆಂಗಳೂರಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. 2000ರ ದಶಕದಲ್ಲಿ ಮಂಪರು ಪರೀಕ್ಷೆ ಎಂದರೆ ದೇಶವೆಲ್ಲ ನಮ್ಮ ಊರಿನ ಹೆಸರು ಹೇಳುತ್ತಿತ್ತು. ಹೊರ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಸೋಡಿಯಂ ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದನ್ನು ನರಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ಟು, ಅರೆನಿದ್ದೆಯಲ್ಲಿರುವವನನ್ನು ಪ್ರಶ್ನಿಸುವುದೇ ಈ ಪರೀಕ್ಷೆ. ಆ ಸ್ಥಿತಿಯಲ್ಲಿ ನಾಲಿಗೆ ಸಡಿಲವಾಗುವುದು ನಿಜ. ಆದರೆ ಸಡಿಲವಾದ ನಾಲಿಗೆ ಸತ್ಯವನ್ನೇ ಹೇಳಬೇಕೆಂದಿಲ್ಲ. ಕೇಳುವವನು ಎತ್ತಿಕೊಟ್ಟ ಮಾತನ್ನೂ ಹೇಳಬಹುದು, ಕನಸನ್ನೂ ಹೇಳಬಹುದು. ಇಂಥ ಕೆಲವು ದೃಶ್ಯಗಳು ವಾರ್ತಾವಾಹಿನಿಗಳಲ್ಲಿ ಪ್ರಸಾರವೂ ಆದವು. ನನ್ನ ಕಸುಬಿನವರು ಮಾಡಬಾರದಾಗಿದ್ದ ಕೆಲಸ ಅದು ಎಂದೇ ನನ್ನ ಅಭಿಪ್ರಾಯ.

2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೇನ್ ಮ್ಯಾಪಿಂಗ್, ಈ ಮೂರನ್ನೂ ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. 21ನೇ ವಿಧಿ ವ್ಯಕ್ತಿಸ್ವಾತಂತ್ರ್ಯವನ್ನು ಕಾಯುತ್ತದೆ. ಒಪ್ಪಿ ಪರೀಕ್ಷೆಗೆ ಒಳಗಾದರೂ ಅಲ್ಲಿ ಆಡಿದ ಮಾತು ಸಾಕ್ಷ್ಯವಲ್ಲ, ಏಕೆಂದರೆ ಮಾತಾಡುವವನಿಗೆ ತನ್ನ ಮಾತಿನ ಮೇಲೆ ಹಿಡಿತವಿರುವುದಿಲ್ಲ. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಎಳೆ ಹಿಡಿದು ಹೋದಾಗ ವಸ್ತುವೊಂದು ದೊರೆತರೆ, ಅದನ್ನು ನ್ಯಾಯಾಲಯದ ಮುಂದಿಡಬಹುದು. ಪ್ರಯೋಗಾಲಯಗಳ ಉಳಿದ ಕೆಲಸ, ವಿಷ, ರಕ್ತ, ಗುಂಡು, ಡಿಎನ್‌ಎ ಇವುಗಳ ಪರೀಕ್ಷೆ, ಎಂದಿನಂತೆ ಸಾಗಿದೆ.

ಎಜ್ರಾ ಜೆನ್ನಿಂಗ್ಸ್‌ನ ಪ್ರಯೋಗವನ್ನು ಈ ತೀರ್ಪಿನ ಪಕ್ಕದಲ್ಲಿಟ್ಟು ನೋಡಿ. ಡಾಕ್ಟರ್ ಕ್ಯಾಂಡಿ ಕದ್ದು ಕೊಟ್ಟ ಅಫೀಮಿನಿಂದ ಒಂದು ಮನೆಯೇ ಮುರಿಯಿತು. ಒಪ್ಪಿ ಕುಡಿದ ಅಫೀಮು ಬ್ಲೇಕ್‌ನ ಮನಸ್ಸಿನ ಭಾರ ಇಳಿಸಿತು, ರೇಚಲ್‌ಳ ತಪ್ಪು ತಿಳಿವಳಿಕೆ ಕಳೆಯಿತು. ಆದರೆ ವಜ್ರವನ್ನು ತೋರಿಸಲಿಲ್ಲ. ಅದು ಹೊರಬಿದ್ದದ್ದು ಮಾಮೂಲಿ ಕಾವಲಿನಿಂದ. ವಜ್ರವನ್ನು ಒತ್ತೆಯಿಟ್ಟಿದ್ದರೆ ವರ್ಷ ತುಂಬಿದಾಗ ಬಿಡಿಸಿಕೊಳ್ಳಲು ಯಾರಾದರೂ ಬರಲೇಬೇಕೆಂದು ವಕೀಲ ಲೆಕ್ಕ ಹಾಕುತ್ತಾನೆ. ಬ್ಯಾಂಕಿನ ಬಳಿ ಜನ ನಿಲ್ಲುತ್ತಾರೆ. ಕಚೇರಿಯ ಚಿಲ್ಲರೆ ಕೆಲಸದ ಪುಟ್ಟ ಹುಡುಗನೊಬ್ಬ, ದೊಡ್ಡವರೆಲ್ಲ ತಪ್ಪು ಮನುಷ್ಯರ ಹಿಂದೆ ಹೋದಾಗ, ಸರಿಯಾದವನ ಬೆನ್ನು ಹತ್ತುತ್ತಾನೆ. ಮರುದಿನ ಒಂದು ಅಗ್ಗದ ವಸತಿಗೃಹದ ಕೋಣೆಯಲ್ಲಿ ಹೆಣವೊಂದು ಸಿಗುತ್ತದೆ. ಸಾರ್ಜೆಂಟ್ ಕಫ್ ಅದರ ಕೃತಕ ಗಡ್ಡವನ್ನು ಕಿತ್ತು, ಮುಖಕ್ಕೆ ಬಳಿದ ಕಪ್ಪನ್ನು ತೊಳೆಯುತ್ತಾನೆ. ಆ ಮುಖ ಯಾರದೆಂದು ಇಲ್ಲಿ ಹೇಳುವುದಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಗೆ ತಂದು ಒಂದೇ ರಾತ್ರಿಗೆ ಓದಿ ಮುಗಿಸುತ್ತಿದ್ದ ಬಸವನಗುಡಿ, ಮಲ್ಲೇಶ್ವರದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರಿಗೆ ಇಷ್ಟನ್ನೇ ಹೇಳಿ ಕಳ್ಳನ ಹೆಸರು ಕೇಳಿ ನೋಡಿ.

ಆ ಮೊದಲ ಕಠಾರಿಯ ಮಾತು ಉಳಿಯಿತು. 1863ರಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ರಕ್ತದ ಕಲೆಗೆ ಹೈಡ್ರೊಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುವುದನ್ನು ತೋರಿಸಿದ. ಆ ರಕ್ತ ಮನುಷ್ಯನದೋ ಕುರಿಯದೋ ಎಂದು ಹೇಳಲು 1901ರಲ್ಲಿ ಊಲೆನ್‌ಹೂಟ್ ಬರಬೇಕಾಯಿತು. ಯಾವ ಮನುಷ್ಯನದು ಎಂದು ಡಿಎನ್‌ಎಯಿಂದ ಹೇಳುವ ಕಾಲ 1980ರ ದಶಕದಲ್ಲಿ ಬಂತು. 1799ರಲ್ಲಿ ಇದು ಯಾವುದೂ ಇರಲಿಲ್ಲ. ಕಾದಂಬರಿಯ ಕೊನೆಗೆ ವಜ್ರ ಸೋಮನಾಥಕ್ಕೆ ಮರಳುತ್ತದೆ, ಯಾರ್ಕ್‌ಷೈರ್‌ನ ಕಳವು ಬಗೆಹರಿಯುತ್ತದೆ. ಶ್ರೀರಂಗಪಟ್ಟಣದಲ್ಲಿ ಸತ್ತ ಆ ಮೂವರು ಕಾವಲುಗಾರರ ಹೆಸರೂ ಕತೆಯಲ್ಲಿ ಬರುವುದಿಲ್ಲ. ಅವರ ಕೊಲೆಯ ತನಿಖೆಯನ್ನು ಯಾರೂ ನಡೆಸುವುದಿಲ್ಲ.