ತಂತ್ರಾಂಶ ನಿರ್ಮಾಣದಲ್ಲಿ ಪೂರ್ವಪರೀಕ್ಷೆಗಳ ದಾಖಲೆ

ಹಳೆಯ ದಾಖಲೆಯನ್ನು ಎಲ್ಲಿಯವರೆಗೆ ನಂಬಬಹುದೆಂಬುದು ಇತಿಹಾಸದ ಅಭ್ಯಾಸಿಗಳಾದ ನಮಗೆ ನಿತ್ಯದ ಪ್ರಶ್ನೆ. ಅದೇ ಪ್ರಶ್ನೆ ಗಣಕಶಾಸ್ತ್ರದಲ್ಲಿಯೂ ತಲೆದೋರಿರುವ ಬಗೆಯನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಮೂಲರೂಪದಲ್ಲಿ ದೊರೆಯುವ ತಂತ್ರಾಂಶವನ್ನು ಒಂದು ಗಣಕದಲ್ಲಿ ಕಟ್ಟುವ ಮೊದಲು ಆ ಗಣಕದ ಸ್ವರೂಪವನ್ನು ಅರಿಯಬೇಕು. ಡೇವಿಡ್ ಮೆಕೆಂಜಿಯವರು 1991ರಲ್ಲಿ ಆರಂಭಿಸಿದ ಆಟೋಕಾನ್ಫ್ ಎಂಬ ಸಾಧನವು ಇದಕ್ಕಾಗಿ ‘ಕಾನ್ಫಿಗರ್’ ಎಂಬ ಪರೀಕ್ಷಾಲಿಪಿಯನ್ನು ರಚಿಸಿಕೊಡುತ್ತದೆ. ಇಂಥ ಫಂಕ್ಷನ್ ಇದೆಯೆ, ಇಂಥ ಲೈಬ್ರರಿ ಉಂಟೆ, ಪೂರ್ಣಾಂಕಕ್ಕೆ ಎಷ್ಟು ಬೈಟುಗಳು ಎಂದು ಅದು ಒಂದೊಂದಾಗಿ ವಿಚಾರಿಸುತ್ತದೆ. ಬಹುಮಟ್ಟಿಗೆ ಪ್ರತಿಯೊಂದು ಪ್ರಶ್ನೆಗೂ ಒಂದು ಕಿರು ಪ್ರೋಗ್ರಾಮನ್ನು ಬರೆದು, ಕಂಪೈಲರಿಗೆ ಒಪ್ಪಿಸಿ, ಅದು ಅಂಗೀಕರಿಸಿತೇ ಎಂದು ನೋಡಿಯೇ ಉತ್ತರವನ್ನು ನಿರ್ಧರಿಸಬೇಕು. ಮುಂದಿನ ನಿರ್ಮಾಣಕಾರ್ಯವನ್ನು ಹಲವು ಪ್ರೊಸೆಸರುಗಳಿಗೆ ಹಂಚಬಹುದು. ಈ ಪರೀಕ್ಷೆಗಳಾದರೋ ಒಂದರ ಹಿಂದೆ ಒಂದರಂತೆ ಸಾಲಾಗಿ ನಡೆಯುತ್ತವೆ. ಆದಕಾರಣ ಚಿಕ್ಕ ತಂತ್ರಾಂಶಗಳಲ್ಲಿ ಕಟ್ಟುವುದಕ್ಕಿಂತ ವಿಚಾರಣೆಗೇ ಹೆಚ್ಚು ಹೊತ್ತು ಹಿಡಿಯುವುದುಂಟು.

ಇದಕ್ಕೆ ಪರಿಹಾರ, ಒಮ್ಮೆ ದೊರೆತ ಉತ್ತರಗಳನ್ನು ‘ಕಾನ್ಫಿಗ್.ಕ್ಯಾಶ್’ ಎಂಬ ಕಡತದಲ್ಲಿ ಬರೆದಿಡುವುದು. ಮರುಸಲ ಪರೀಕ್ಷಾಲಿಪಿಯು ಮೊದಲು ಕಡತವನ್ನು ನೋಡಿ, ಅಲ್ಲಿ ಉತ್ತರವಿದ್ದರೆ ಪರೀಕ್ಷೆಯನ್ನೇ ಬಿಟ್ಟುಬಿಡುತ್ತದೆ. ಒಂದೇ ಗಣಕದಲ್ಲಿ ಅನೇಕ ತಂತ್ರಾಂಶಗಳನ್ನು ಕಟ್ಟುವವರು ಒಂದೇ ಕಡತವನ್ನು ಎಲ್ಲಕ್ಕೂ ಬಳಸಬಹುದು.

ಆದರೆ ಅಪಾಯವೂ ಇಲ್ಲಿಯೇ ಇದೆ. ನಮ್ಮ ಜಿಲ್ಲೆಯ ಹಳೆಯ ದಾಖಲೆಗಳನ್ನಷ್ಟೇ ಓದಿದವನಿಗೆ ಸೂಪಾ ಎಂಬುದು ಕಾಳಿ ನದಿಯ ದಂಡೆಯ ಊರು. ದಾಂಡೇಲಿಗೆ ಮೇಲ್ಗಡೆ ಗಣೇಶಗುಡಿಯ ಬಳಿ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಊರು 1980ರ ದಶಕದಲ್ಲಿ ಮುಳುಗಿತು. ಇಂದು ತಾಲ್ಲೂಕಿನ ಕೇಂದ್ರ ಜೋಯಿಡಾ. ದಾಖಲೆ ಬರೆದಂದು ಸುಳ್ಳಾಗಿರಲಿಲ್ಲ, ನೆಲ ಬದಲಾಯಿತು. ಅಂತೆಯೇ ಗಣಕದಿಂದ ಒಂದು ಲೈಬ್ರರಿಯನ್ನು ತೆಗೆದುಹಾಕಿದ ಮೇಲೂ ಕಡತವು ‘ಉಂಟು’ ಎಂದೇ ಹೇಳುತ್ತಿರುತ್ತದೆ. ಕಂಪೈಲರಿನ ಹೆಸರೋ ಅದಕ್ಕೆ ಕೊಟ್ಟ ಸೂಚನೆಗಳೋ ಬದಲಾದರೆ ಪರೀಕ್ಷಾಲಿಪಿಯು ಗುರುತಿಸಿ ನಿಲ್ಲುತ್ತದೆ. ಗಣಕದೊಳಗಿನ ಉಳಿದ ಮಾರ್ಪಾಡುಗಳನ್ನು ಅದು ಅರಿಯದು. ಈ ಕಾರಣದಿಂದಲೇ 2001ರ 2.50ನೆಯ ಆವೃತ್ತಿಯಿಂದೀಚೆಗೆ, ಬಳಕೆದಾರನು ತಾನಾಗಿ ಕೇಳಿದ ಹೊರತು ಆಟೋಕಾನ್ಫಿನ ಲಿಪಿಗಳು ಉತ್ತರಗಳನ್ನು ಕೂಡಿಡುವುದಿಲ್ಲ.

ಹೀಗಾಗಿ ಗಣಕದ ವ್ಯವಸ್ಥೆಯನ್ನು ನವೀಕರಿಸಿದಾಗಲೆಲ್ಲ ಹಳೆಯ ಕಡತವನ್ನು ಅಳಿಸಿ ಹೊಸದಾಗಿ ಪರೀಕ್ಷಿಸುವುದು ಯುಕ್ತ. ಉಳಿದ ಸಮಯದಲ್ಲಿ ಬರೆದಿಟ್ಟದ್ದನ್ನು ನಂಬಿ ಮುಂದುವರಿಯಬಹುದು. ಇತಿಹಾಸಕಾರನು ದಾಖಲೆಯ ಮಾತಿನೊಡನೆ ಅದರ ಕಾಲವನ್ನೂ ಓದುವನು. ಗಣಕದ ಅಭ್ಯಾಸಿಗೂ ಆ ರೂಢಿ ಅವಶ್ಯವೆಂದು ನಾವು ಭಾವಿಸುತ್ತೇವೆ.